ಒಕ್ಕಲೆದ್ದ ಮನೆಯ ಮಕ್ಕಳ ಊಟ

ಭದ್ರಾ ಅಭಯಾರಣ್ಯದೊಳಗಿನ ಹನ್ನೊಂದು ಹಳ್ಳಿಗಳ 419 ಕುಟುಂಬಗಳು 2001–02ರಲ್ಲಿ ಊರು ಬಿಟ್ಟವು. ಕೆಲವರು ಕೆಳಗೂರಿಗೆ ಹೋದರು, ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ಹೀಗೆ ಮನೆ ಕದಲಿದಾಗ ಅಲ್ಲಿನ ಎಳೆಯ ಮಕ್ಕಳ ಹೊಟ್ಟೆಪಾಡು ಏನಾಗುತ್ತದೆ?

ಅಮೆರಿಕದಲ್ಲಿ 1998ರಿಂದ 2000ದೊಳಗೆ ದೊಡ್ಡ ನಗರಗಳಲ್ಲಿ ಹುಟ್ಟಿದ ಸುಮಾರು 4,900 ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಹದಿನೈದು ತುಂಬುವುದರೊಳಗೆ ಏಳರಲ್ಲಿ ಒಂದು ಮಗುವಿನ ಕುಟುಂಬ ಬಾಡಿಗೆ ಅಥವಾ ಸಾಲದ ಕಂತು ಕಟ್ಟಲಾಗದೆ ಮನೆ ಕಳೆದುಕೊಂಡಿತ್ತು. ಎಳವೆಯಲ್ಲೇ ಹೀಗೆ ಮನೆ ಕಳೆದುಕೊಳ್ಳುವುದಕ್ಕೂ, ಆ ಮಕ್ಕಳು ಮುಂದೆ ಬಡ ಬಡಾವಣೆಗಳಲ್ಲಿ ಬೆಳೆಯುವುದು ಹಾಗೂ ಮನೆಯಲ್ಲಿ ಊಟದ ಕೊರತೆ ಕಾಣುವುದಕ್ಕೂ ನಂಟು ಕಂಡುಬಂತು. ಮನೆ ಹೋಗುವುದಕ್ಕೂ ಊಟ ಕೊರೆಯಾಗುವುದಕ್ಕೂ ಬಡತನವೇ ಮೂಲವಿರಬಹುದು. ನಂಟು ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ.

ಆದರೂ ಮನೆ ಹೋದದ್ದು ಊಟಕ್ಕೆ ತಟ್ಟುವ ದಾರಿ ಊಹಿಸುವುದು ಕಷ್ಟವಲ್ಲ. ಮನೆಯ ಜೊತೆಗೆ ಉದ್ರಿ ಕೊಡುತ್ತಿದ್ದ ಅಂಗಡಿ, ಕೂಲಿಗೆ ಕರೆಯುತ್ತಿದ್ದವರು, ಮಗು ನೋಡಿಕೊಳ್ಳುತ್ತಿದ್ದ ನೆರೆಯ ಅಜ್ಜಿ ಎಲ್ಲರೂ ದೂರವಾಗುತ್ತಾರೆ. ಕೈಗೆಟಕುವ ಬಾಡಿಗೆ ಬಡ ಓಣಿಯಲ್ಲೇ ಸಿಗುತ್ತದೆ. ಬಾಡಿಗೆ ಮುಂದೂಡಲಾಗದು, ಹಾಲು–ಮೊಟ್ಟೆ ಕಡಿಮೆ ಮಾಡಬಹುದು. ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ಸ್ಥಳಾಂತರದ ಎಂಟು ಅಪಾಯಗಳಲ್ಲಿ ಆಹಾರದ ಅಭದ್ರತೆಯನ್ನೂ ಹೆಸರಿಸಿದ್ದಾರೆ.

ಭದ್ರಾದ ಕಥೆ ಬೇರೆ, ಅದಕ್ಕೇ ಅದು ಮುಖ್ಯ. ಕಾಡಿನೊಳಗೆ ಬದುಕು ಸುಖವಾಗಿರಲಿಲ್ಲ. ಅಲ್ಲಿನ ಕುಟುಂಬಗಳು ವರ್ಷದ ಬೆಳೆಯಲ್ಲಿ ಸರಾಸರಿ ಶೇ. 11ರಷ್ಟನ್ನು ಆನೆಗಳಿಗೂ, ದನಕರುಗಳಲ್ಲಿ ಶೇ. 12ರಷ್ಟನ್ನು ಹುಲಿ, ಚಿರತೆಗಳಿಗೂ ಕಳೆದುಕೊಳ್ಳುತ್ತಿದ್ದವೆಂದು ಸಂಶೋಧಕ ಎಂ.ಡಿ. ಮಧುಸೂದನ್ 2003ರಲ್ಲಿ ಪ್ರಕಟಿಸಿದರು. ಸ್ಥಳಾಂತರಕ್ಕೆ ಜನ ಒಪ್ಪಿದ್ದರು. ಪರಿಹಾರದಲ್ಲಿ ನೀರಾವರಿ ಜಮೀನೂ ಇತ್ತು. ಅವರನ್ನು ಮತ್ತೆ ಮಾತನಾಡಿಸಿದ ಸಂಶೋಧಕಿ ಕೃತಿ ಕಾರಂತ್ ಅವರ 2007ರ ಅಧ್ಯಯನದಲ್ಲಿ ಶೇ. 71ರಷ್ಟು ಕುಟುಂಬಗಳು ಬದುಕಿನ ಬಗ್ಗೆ ತೃಪ್ತಿ ಹೇಳಿದವು. ಅದು ಮಕ್ಕಳ ತೂಕ ಅಳೆದ ಅಧ್ಯಯನವಲ್ಲ, ಉಳಿದವರ ಅತೃಪ್ತಿಯೂ ಸಣ್ಣದಲ್ಲ. ಆದರೆ ಅನ್ನದ ಮೂಲವನ್ನು ಕೈಗಿಟ್ಟು ಕಳಿಸುವುದಕ್ಕೂ ಸಾಮಾನು ಬೀದಿಗೆ ಹಾಕುವುದಕ್ಕೂ ಇರುವ ಅಂತರ ದೊಡ್ಡದು.

ಮಳೆ ಕೈಕೊಟ್ಟ ವರ್ಷ ತರೀಕೆರೆಯ ನೆರೆಯ ಕಡೂರು, ಅಜ್ಜಂಪುರದ ಬಯಲಿನಿಂದ ಕಾಫಿ ತೋಟಕ್ಕೋ ಬೆಂಗಳೂರಿಗೋ ಕೂಲಿಗೆ ಹೊರಡುವವರಿಗೆ ಅಂಥ ಜಮೀನು ಕಾದಿರುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪಡಿತರವನ್ನು ಈಗ ಬೇರೆ ಊರಿನಲ್ಲೂ ಪಡೆಯಬಹುದು. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳ ಅಂಗನವಾಡಿ ಆಹಾರಕ್ಕೆ ಹೊಸ ಊರಿನ ಕೇಂದ್ರದಲ್ಲಿ ಹೆಸರು ಸೇರಬೇಕು. ಹೊರಡುವ ಮೊದಲೇ ಹಳೆಯ ಅಂಗನವಾಡಿಯಲ್ಲಿ ಹೇಳಿದರೆ ಅಂಗನವಾಡಿ ದಾಖಲೆಯ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಆ ವರ್ಗಾವಣೆ ಸಾಧ್ಯ.