ಕಂಪ್ಯೂಟರನ್ನು ಮನೆಗೆ ತಂದ ಹೆಣ್ಣುಮಕ್ಕಳು

ಕಂಪ್ಯೂಟರನ್ನು ಮನೆಮನೆಗೆ ತಂದವರು ಯಾರೆಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಥಟ್ಟನೆ ಬರುವ ಉತ್ತರ ಬಿಲ್ ಗೇಟ್ಸ್ ಅಥವಾ ಸ್ಟೀವ್ ಜಾಬ್ಸ್. ಅದು ತಪ್ಪಲ್ಲ. ಆದರೆ ದೊಡ್ಡ ಕೋಣೆಯನ್ನೇ ತುಂಬಿಕೊಳ್ಳುತ್ತಿದ್ದ ಯಂತ್ರವೊಂದು ನಮ್ಮ ಮೇಜಿನ ಮೇಲೆ ಬಂದು ಕುಳಿತ ಕಥೆಯಲ್ಲಿ ಕೆಲವು ಹೆಣ್ಣುಮಕ್ಕಳ ಪಾಲೂ ಇದೆ. ಒಬ್ಬರು ತತ್ವಶಾಸ್ತ್ರ ಓದಿದವರು, ಇಬ್ಬರು ಮನೆ-ಮಕ್ಕಳನ್ನು ನೋಡಿಕೊಂಡಿದ್ದ ಗೃಹಿಣಿಯರು, ಮತ್ತೊಬ್ಬರು ಕಲಾವಿದೆ. ಇವರಲ್ಲಿ ಯಾರೂ ಇಂಜಿನಿಯರಿಂಗ್ ಓದಿದವರಲ್ಲ.

ಹಜಾರದಲ್ಲೊಂದು ಕಂಪ್ಯೂಟರ್

ಮೇರಿ ಅಲೆನ್ ವಿಲ್ಕ್ಸ್ ಹುಟ್ಟಿದ್ದು 1937ರಲ್ಲಿ, ಅಮೆರಿಕಾದ ಶಿಕಾಗೋದಲ್ಲಿ. ವಕೀಲೆಯಾಗಬೇಕೆಂಬುದು ಅವರ ಆಸೆ. ಆದರೆ ಹೆಣ್ಣುಮಕ್ಕಳಿಗೆ ಆ ವೃತ್ತಿ ಸುಲಭವಲ್ಲವೆಂದು ಹಿತೈಷಿಗಳೇ ಹಿಂಜರಿಯುವಂತೆ ಮಾಡಿದರು. ಶಾಲೆಯಲ್ಲಿ ಅಧ್ಯಾಪಕರೊಬ್ಬರು, ದೊಡ್ಡವಳಾದ ಮೇಲೆ ನೀನು ಕಂಪ್ಯೂಟರ್ ಪ್ರೋಗ್ರಾಮರ್ ಆಗಬೇಕು ಎಂದಿದ್ದರು. 1959ರಲ್ಲಿ ಪದವಿ ಮುಗಿದಾಗ ಆ ಮಾತು ನೆನಪಾಯಿತು. ಎಂ.ಐ.ಟಿ. ಸಂಸ್ಥೆಯ ಲಿಂಕನ್ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸವೂ ಸಿಕ್ಕಿತು.

ಆ ಕಾಲದ ಕಂಪ್ಯೂಟರುಗಳ ಬಳಿ ಎಲ್ಲರಿಗೂ ಹೋಗಲು ಸಾಧ್ಯವಿರಲಿಲ್ಲ. ಲೆಕ್ಕವನ್ನು ಕಾರ್ಡುಗಳಲ್ಲಿ ತೂತು ಕೊರೆದು ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಒಬ್ಬ ವಿಜ್ಞಾನಿ ತನ್ನ ಕೋಣೆಯಲ್ಲೇ ಇಟ್ಟುಕೊಂಡು ತಾನೊಬ್ಬನೇ ಬಳಸಬಹುದಾದ ಯಂತ್ರ ಬೇಕೆಂದು ವೆಸ್ಲಿ ಕ್ಲಾರ್ಕ್ ಎಂಬವರು 1960ರ ದಶಕದ ಆರಂಭದಲ್ಲಿ 'ಲಿಂಕ್' ಎಂಬ ಕಂಪ್ಯೂಟರನ್ನು ರೂಪಿಸಿದರು. ಅದಕ್ಕೆ ಪ್ರೋಗ್ರಾಂ ಬರೆಯುವ ಹೊಣೆ ಮೇರಿಯವರ ಹೆಗಲಿಗೆ ಬಂತು.

ಮುಂದೆ ತಂಡವು ಸೇಂಟ್ ಲೂಯಿಸ್ ನಗರಕ್ಕೆ ಸ್ಥಳಾಂತರಗೊಂಡಾಗ ಮೇರಿಯವರಿಗೆ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ. ಹಾಗಾದರೆ ಯಂತ್ರವನ್ನೇ ಮನೆಗೆ ಕಳುಹಿಸೋಣವೆಂದು ತೀರ್ಮಾನವಾಯಿತು! 1965ರಲ್ಲಿ ಬಾಲ್ಟಿಮೋರ್‌ನ ಅವರ ತಂದೆ-ತಾಯಿಯ ಮನೆಯ ಹಜಾರಕ್ಕೆ ಫ್ರಿಜ್ಜಿನಷ್ಟು ದೊಡ್ಡ ಕಪಾಟಿನೊಂದಿಗೆ ಲಿಂಕ್ ಬಂದಿಳಿಯಿತು. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡಿದ ಮೊದಲಿಗರಲ್ಲಿ ಒಬ್ಬರೆಂಬ ಹೆಸರು ಮೇರಿಯವರದ್ದಾಯಿತು.

ಅವರು ಅಲ್ಲಿ ಕುಳಿತು ಬರೆದ 'ಲ್ಯಾಪ್-6' ಎಂಬ ವ್ಯವಸ್ಥೆಯಿಂದ, ಟೈಪ್ ಮಾಡಿದ್ದನ್ನು ಪರದೆಯ ಮೇಲೆ ನೋಡುತ್ತಾ ತಿದ್ದಲು ಸಾಧ್ಯವಾಯಿತು. ಇಂದು ನಮಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಆ ಯಂತ್ರದ ನೆನಪಿನ ಶಕ್ತಿ ಎಷ್ಟಿತ್ತು ಗೊತ್ತೇ? ನಾವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋಗೆ ಬೇಕಾದ ಜಾಗದ ಸುಮಾರು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲೇ ಎಲ್ಲವನ್ನೂ ಹೊಂದಿಸಬೇಕಿತ್ತು.

ಮೇರಿ ತಮ್ಮ ಹಳೆಯ ಆಸೆಯನ್ನು ಮರೆತಿರಲಿಲ್ಲ. 1972ರಲ್ಲಿ, ಮೂವತ್ತೈದರ ಹರೆಯದಲ್ಲಿ, ಹಾರ್ವರ್ಡ್ ಕಾನೂನು ಶಾಲೆ ಸೇರಿ 1975ರಲ್ಲಿ ಪದವಿ ಪಡೆದು ವಕೀಲೆಯೇ ಆದರು.

ನೆರೆಮನೆಯ ಗೆಳತಿಯರ ಕಂಪೆನಿ

1975ರ ಜನವರಿಯಲ್ಲಿ ಅಮೆರಿಕಾದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ 8800' ಎಂಬ ಕಂಪ್ಯೂಟರ್ ಕಾಣಿಸಿಕೊಂಡಿತು. ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸಿಕೊಳ್ಳುವುದಾದರೆ ಬೆಲೆ 397 ಡಾಲರ್. ಅದಕ್ಕೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಸಾಲಾಗಿ ಸ್ವಿಚ್ಚುಗಳು, ಮಿನುಗುವ ದೀಪಗಳು, ಅಷ್ಟೇ. ನೆನಪಿನ ಶಕ್ತಿಯಂತೂ ಏನೇನೂ ಸಾಲದು.

ಕ್ಯಾಲಿಫೋರ್ನಿಯಾದ ವಿಜ್ಞಾನಿ ಬಾಬ್ ಹಾರ್ಪ್ ಈ ಕೊರತೆ ನೀಗಿಸಲು ಒಂದು ಮೆಮೊರಿ ಬೋರ್ಡ್ ತಯಾರಿಸಿದರು. ಜರ್ಮನಿಯಿಂದ ಬಂದಿದ್ದ ಅವರ ಪತ್ನಿ ಲೋರೆ ಹಾರ್ಪ್, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಕುಳಿತು ಬೇಸತ್ತಿದ್ದರು. ನೆರೆಯ ಗೆಳತಿ ಕ್ಯಾರೋಲ್ ಇಲೈ ಅವರ ಸ್ಥಿತಿಯೂ ಅದೇ. ಟ್ರಾವೆಲ್ ಏಜೆನ್ಸಿ ತೆರೆಯುವ ಯೋಚನೆ ಬಂದುಹೋಗಿತ್ತು. ಕೊನೆಗೆ ಈ ಬೋರ್ಡನ್ನೇ ಮಾರೋಣವೆಂದು ಗಟ್ಟಿ ಮನಸ್ಸು ಮಾಡಿ, ಸುಮಾರು 6,000 ಡಾಲರ್ ಬಂಡವಾಳದಲ್ಲಿ 1976ರಲ್ಲಿ 'ವೆಕ್ಟರ್ ಗ್ರಾಫಿಕ್' ಕಂಪೆನಿ ಆರಂಭಿಸಿದರು. ಮನೆಯೇ ಕಚೇರಿಯಾಯಿತು, ಮನೆಯೇ ಕಾರ್ಖಾನೆಯಾಯಿತು.

ಮರುವರ್ಷ ಅವರದ್ದೇ ಕಂಪ್ಯೂಟರ್ 'ವೆಕ್ಟರ್ 1' ಮಾರುಕಟ್ಟೆಗೆ ಬಂತು. ಅದರ ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲಿರಲಿಲ್ಲ, ಎರಡೇ ಗುಂಡಿಗಳು. ಯಂತ್ರ ಅಂದವಾಗಿಯೂ ಇರಬೇಕು, ಜೊತೆಗೆ ಬರುವ ಕೈಪಿಡಿ ಅರ್ಥವಾಗುವಂತೆಯೂ ಇರಬೇಕೆಂಬುದು ಈ ಗೆಳತಿಯರ ಹಠ. ತಂತ್ರಜ್ಞರಿಗಷ್ಟೇ ಅಲ್ಲ, ಅಂಗಡಿ-ಕಚೇರಿಯವರಿಗೂ ಕಂಪ್ಯೂಟರ್ ಬೇಕೆಂಬುದನ್ನು ಅವರು ಬೇಗನೇ ಕಂಡುಕೊಂಡಿದ್ದರು. 1981ರ ಹೊತ್ತಿಗೆ ಕಂಪೆನಿಯ ಷೇರುಗಳು ಮಾರುಕಟ್ಟೆಗೆ ಬಂದವು.

ಆದರೆ ಅದೇ ವರ್ಷದ ಆಗಸ್ಟಿನಲ್ಲಿ ದೈತ್ಯ ಕಂಪೆನಿ ಐ.ಬಿ.ಎಂ. ತನ್ನ 'ಪಿ.ಸಿ.'ಯನ್ನು ತಂದಿತು. ಗ್ರಾಹಕರು ಅತ್ತ ವಾಲಿದರು. 1980ರ ದಶಕದ ಮಧ್ಯದಲ್ಲಿ ವೆಕ್ಟರ್ ದಿವಾಳಿಯಾಯಿತು, ಹೆಸರೂ ಮರೆತುಹೋಯಿತು. ಲೋರೆ ಕೈಕಟ್ಟಿ ಕೂರಲಿಲ್ಲ. 2000ದಲ್ಲಿ ಎಂ.ಐ.ಟಿ.ಯಲ್ಲಿ ಮೆದುಳಿನ ಸಂಶೋಧನೆಗಾಗಿ ಆರಂಭವಾದ ಮೆಕ್‌ಗವರ್ನ್ ಸಂಸ್ಥೆ, ಅವರೂ ಅವರ ಎರಡನೆಯ ಪತಿ ಪ್ಯಾಟ್ರಿಕ್ ಮೆಕ್‌ಗವರ್ನ್ ಅವರೂ ನೀಡಿದ ಕೊಡುಗೆಯಿಂದ ಹುಟ್ಟಿದ್ದು.

ಕಸೂತಿಯಂತಹ ಚಿತ್ರಗಳು

ಕಸೂತಿ ಹಾಕುವವರಿಗೆ ಚೌಕುಳಿ ಬಟ್ಟೆಯ ಲೆಕ್ಕ ಚೆನ್ನಾಗಿ ಗೊತ್ತು. ಎಷ್ಟು ಮನೆ ಬಿಟ್ಟು ಎಷ್ಟು ಹೊಲಿಗೆ ಹಾಕಿದರೆ ಹೂವಾಗುತ್ತದೆ, ಎಲೆಯಾಗುತ್ತದೆ ಎಂಬ ಲೆಕ್ಕ. 1983ರಲ್ಲಿ ಆಪಲ್ ಕಂಪೆನಿ ಸೇರಿದ ಸೂಸನ್ ಕೇರ್ ಮಾಡಿದ್ದೂ ಅದನ್ನೇ. ಗ್ರಾಫ್ ಪುಸ್ತಕ ಕೊಂಡು, ಉದ್ದ 32, ಅಗಲ 32 ಚೌಕಗಳಲ್ಲಿ ಬೇಕಾದಲ್ಲಿ ಕಪ್ಪು ತುಂಬುತ್ತಾ ಪುಟ್ಟ ಚಿತ್ರಗಳನ್ನು ಬಿಡಿಸಿದರು. 1984ರ ಜನವರಿಯಲ್ಲಿ 'ಮ್ಯಾಕಿಂತೋಷ್' ಬಿಡುಗಡೆಯಾದಾಗ ಪರದೆಯ ಮೇಲೆ ನಗುವ ಪುಟ್ಟ ಕಂಪ್ಯೂಟರ್, ಕಸದ ಬುಟ್ಟಿ ಎಲ್ಲ ಮೂಡಿದವು. ಆಜ್ಞೆಗಳನ್ನು ಬಾಯಿಪಾಠ ಮಾಡದೆ, ಚಿತ್ರ ನೋಡಿಯೇ ಕೆಲಸ ಮಾಡುವ ದಾರಿ ಜನಸಾಮಾನ್ಯರಿಗೆ ತೆರೆಯಿತು. ಹಳೆಯ ವಿಂಡೋಸ್ ಕಂಪ್ಯೂಟರಿನ ಸಾಲಿಟೇರ್ ಆಟ ನೆನಪಿದೆಯೇ? ಅದರ ಎಲೆಗಳ ಚಿತ್ರವೂ ಸೂಸನ್ ಅವರ ಕೈಯದ್ದೇ.

ನಮ್ಮ ಮನೆಯ ಮಾತು

ತತ್ವಶಾಸ್ತ್ರ ಓದಿದವಳಿಗೆ ಯಂತ್ರವೇಕೆ, ಗೃಹಿಣಿಯರಿಗೆ ಕಂಪೆನಿಯೇಕೆ, ಚಿತ್ರ ಬಿಡಿಸುವವಳಿಗೆ ಕಂಪ್ಯೂಟರೇಕೆ ಎಂದು ಬಾಗಿಲು ಮುಚ್ಚಿದ್ದರೆ ನಷ್ಟ ಯಾರಿಗಾಗುತ್ತಿತ್ತು? ಅವರಿಗೆ ಮಾತ್ರವಲ್ಲ, ನಮಗೂ. ಮಗಳು ಗಣಿತದಲ್ಲಿ ಮುಂದಿದ್ದರೂ 'ಇಷ್ಟು ಓದಿದ್ದು ಸಾಕು' ಎನ್ನುವ ಮೊದಲು ಮೇರಿಯವರ ಅಧ್ಯಾಪಕರನ್ನೊಮ್ಮೆ ನೆನೆಯೋಣ. ಅವರು ಹೇಳಿದ್ದು ಒಂದೇ ಮಾತು.

ಮದುವೆಯಾಗಿ, ಮಕ್ಕಳಾಗಿ, 'ಇನ್ನೇನು ಕಲಿಯುವುದು' ಎಂದುಕೊಂಡಿರುವ ಸಹೋದರಿಯರೂ ಇದ್ದಾರೆ. ಮೂವತ್ತೈದರಲ್ಲಿ ಹೊಸದಾಗಿ ಕಾನೂನು ಓದಲು ಹೊರಟಾಕೆಯ ಕಥೆ ಅವರಿಗೂ ಸೇರಿದ್ದು. ಇಂದು ರಾತ್ರಿ ಮಕ್ಕಳು ಕಥೆ ಕೇಳಿದರೆ ಇದನ್ನೇ ಹೇಳಿ. ಮುಂದಿನ ಬಾರಿ ಆ ಪ್ರಶ್ನೆಗೆ ಇನ್ನೂ ನಾಲ್ಕು ಹೆಸರುಗಳು ಅವರ ನಾಲಿಗೆಯಲ್ಲಿರಲಿ.