ಗಣಕಯಂತ್ರದ ವೇಗವೂ ಅದರ ಮಿತಿಯೂ

ಕೂಟಗಲ್ ಹೋಬಳಿಗೆ ಸಮೀಪದ ರಾಮನಗರದಲ್ಲಿ ರೇಷ್ಮೆಯ ನೂಲು ಬಿಚ್ಚುವ ಕಸುಬುದಾರರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ರಾಟೆಯನ್ನು ಬೇಗ ತಿರುಗಿಸಿದರೆ ನೂಲು ಹೆಚ್ಚು ಬರುತ್ತದೆ, ಅಳತೆ ಮೀರಿದರೆ ಎಳೆ ಹರಿಯುತ್ತದೆ. ಹಳೆಯ ಗಣಕಯಂತ್ರಗಳ ವೇಗವನ್ನು ನಿಗದಿಗಿಂತ ಹೆಚ್ಚಿಸುವ 'ಓವರ್‌ಕ್ಲಾಕಿಂಗ್' ಎಂಬ ಕ್ರಮಕ್ಕೂ ಈ ನಿಯಮವೇ ಅನ್ವಯಿಸುತ್ತದೆ.

ಗಣಕದ ಪ್ರೊಸೆಸರ್ ಒಂದು ವಿದ್ಯುತ್ ಮಿಡಿತದ ತಾಳಕ್ಕೆ ದುಡಿಯುತ್ತದೆ. 300 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 30 ಕೋಟಿ ಮಿಡಿತಗಳು. ಮದರ್‌ಬೋರ್ಡಿನ ಮೂಲ ಮಿಡಿತವನ್ನು ಪ್ರೊಸೆಸರಿನ ಗುಣಕದಿಂದ ಗುಣಿಸಿದರೆ ಈ ವೇಗ ದೊರೆಯುತ್ತದೆ. ತಯಾರಕರು ಸುರಕ್ಷತೆಗಾಗಿ ಕೊಂಚ ಅಂತರವಿಟ್ಟು ವೇಗವನ್ನು ನಿಗದಿಪಡಿಸುವುದರಿಂದ, ಅನೇಕ ಪ್ರೊಸೆಸರುಗಳಿಗೆ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯ ಇರುವುದುಂಟು.

1997ರಲ್ಲಿ ಇಂಟೆಲ್ ಸಂಸ್ಥೆಯು ಪೆಂಟಿಯಂ 2 ಪ್ರೊಸೆಸರನ್ನು, ಸೀಳುಗಂಡಿಯಲ್ಲಿ ನಿಲ್ಲಿಸುವ ಕಾರ್ಡಿನ ರೂಪದಲ್ಲಿ ಹೊರತಂದಿತು. 1998ರ ಸೆಲೆರಾನ್ 300ಎ ಕಾರ್ಡಿನ ಗುಣಕ 4.5; ಮೂಲ ಮಿಡಿತ 66 ಮೆಗಾಹರ್ಟ್ಸ್. ಗುಣಕವನ್ನು ಬದಲಿಸಲು ಅವಕಾಶವಿರಲಿಲ್ಲವಾದರೂ, ಮೂಲ ಮಿಡಿತವನ್ನು 100ಕ್ಕೆ ಏರಿಸಿದೊಡನೆ ವೇಗವು 450ಕ್ಕೆ ಮುಟ್ಟುತ್ತಿತ್ತು. 1999ರ ಎಎಂಡಿ ಅಥ್ಲಾನ್ ಕಾರ್ಡಿನಲ್ಲಿಯಾದರೋ, ಹೊದಿಕೆಯನ್ನು ತೆಗೆದು, ಅಂಚಿನ ಸಂಪರ್ಕಗಳಿಗೆ ಚಿಕ್ಕ ಹಲಗೆಯೊಂದನ್ನು ಜೋಡಿಸಿ ಗುಣಕವನ್ನೇ ಬದಲಿಸುತ್ತಿದ್ದರು.

ಈ ಲಾಭಕ್ಕೆ ಬೆಲೆಯೂ ಉಂಟು. ಮೊದಲನೆಯದು ಶಾಖ. ಮಿಡಿತ ಒಂದೂವರೆ ಪಟ್ಟಾದರೆ ಪ್ರೊಸೆಸರಿನ ಶಾಖವೂ ಸರಿಸುಮಾರು ಅಷ್ಟೇ ಏರುತ್ತದೆ. ಅದರೊಂದಿಗೆ ವೋಲ್ಟೇಜನ್ನು 2.0ರಿಂದ 2.2ಕ್ಕೆ ಹೆಚ್ಚಿಸಿದರೆ ಶಾಖವು 1.8 ಪಟ್ಟಿನಷ್ಟಾಗುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಎರಡನೆಯದು ನೆರೆಯ ಭಾಗಗಳ ಪಾಡು. ಪಿಸಿಐ ಜಾಡಿಗೆ ನಿಗದಿಯಾದುದು 33 ಮೆಗಾಹರ್ಟ್ಸ್. ಮೂಲ ಮಿಡಿತ 66 ಇದ್ದಾಗ ಅದರ ಅರ್ಧವೂ, 100 ಇದ್ದಾಗ ಅದರ ಮೂರನೆಯ ಒಂದು ಭಾಗವೂ ಅಷ್ಟೇ ಆಗುತ್ತದೆ. ಆದರೆ 83ರಲ್ಲಿ ನಿಲ್ಲಿಸಿ ಅರ್ಧವನ್ನೇ ಒದಗಿಸಿದರೆ ಅದು 41ನ್ನು ಮೀರಿ, ಆ ಜಾಡನ್ನು ಅವಲಂಬಿಸಿದ ಡಿಸ್ಕಿನಲ್ಲಿ ಬರೆದ ಮಾಹಿತಿಯೇ ಕೆಡಬಹುದು.

ರಾಟೆಗೂ ಗಣಕಕ್ಕೂ ಇರುವ ಭೇದ ಇಲ್ಲಿಯೇ ಇದೆ. ಹರಿದ ಎಳೆ ಕಸುಬುದಾರನ ಕಣ್ಣಿಗೆ ಬೀಳುತ್ತದೆ. ಅವನು ರಾಟೆಯನ್ನು ನಿಲ್ಲಿಸಿ ಗಂಟು ಹಾಕುತ್ತಾನೆ. ಗಣಕವು ಮಿತಿ ಮೀರಿ ದುಡಿಯುವಾಗ ತಪ್ಪಿದ ಒಂದು ಅಂಕಿ, ಯಂತ್ರ ನಿಲ್ಲದಿದ್ದರೂ, ಸದ್ದಿಲ್ಲದೆ ಕಡತದಲ್ಲಿ ಉಳಿದುಬಿಡಬಹುದು. ಅದು ವಿದ್ಯಾರ್ಥಿಯೊಬ್ಬನ ಅಂಕಪಟ್ಟಿಯಲ್ಲಿದ್ದರೆ ಆಗುವ ಅನ್ಯಾಯಕ್ಕೆ ಹೊಣೆ ಯಾರು?

ಆದುದರಿಂದ ಶಾಲೆಯ ಲೆಕ್ಕಪತ್ರ, ಅಂಕಪಟ್ಟಿಗಳನ್ನು ಇರಿಸುವ ಯಂತ್ರಕ್ಕೆ ಈ ಪ್ರಯೋಗ ಸಲ್ಲದು. ದಾನವಾಗಿ ಬಂದ ಹಳೆಯ ಯಂತ್ರ ನಿಧಾನವೆನಿಸಿದರೆ, ಮೊದಲು ಧೂಳು ತೆಗೆಯಿಸಿ, ಫ್ಯಾನನ್ನು ಸರಿಪಡಿಸಿ, ಮೆಮೊರಿಯನ್ನು ಹೆಚ್ಚಿಸುವುದು ಕ್ಷೇಮಕರ. ಕಲಿಕೆಗೆಂದೇ ಮೀಸಲಾದ ಯಂತ್ರವೊಂದಿದ್ದಲ್ಲಿ, ಅದರಲ್ಲಿ ಮುಖ್ಯ ಕಡತಗಳನ್ನಿರಿಸದೆ, ಉಪಾಧ್ಯಾಯರ ಸಮ್ಮುಖದಲ್ಲಿ ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿ ಹಂತದಲ್ಲಿಯೂ ಗಂಟೆಗಟ್ಟಲೆ ಪರೀಕ್ಷಿಸುತ್ತ ಹೋಗಬಹುದು. ಹಾಗೆ ಮಾಡಿದ ವಿದ್ಯಾರ್ಥಿಗೆ ಗುಣಕದ ಲೆಕ್ಕವೂ ಶಾಖದ ನಿಯಮವೂ ಒಟ್ಟಿಗೆ ಮನನವಾಗುತ್ತವೆ.