ಪುಡಿ ಪ್ಯಾಕೆಟ್ಟಿನ ಹಿಂದೆ ಹೊರಡುವ ಕಾನೂನು
ಆನ್‌ಲೈನ್ ಮಾರಾಟಕ್ಕೆ ಇಳಿಯುವ ಬೆಳೆಗಾರರಿಗೆ

ಕಾಫಿ ಮಂಡಳಿಯ ಪೂಲಿಗೆ ಕಾಫಿ ಹಾಕಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ದಿನಗಳನ್ನು ಹಿರಿಯ ಬೆಳೆಗಾರರು ಮರೆತಿರಲಾರರು. ತೊಂಬತ್ತರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಮಾರಾಟ ಪೂರ್ತಿ ಮುಕ್ತವಾಯಿತು. ಆಗ ದೊರೆತದ್ದು ವ್ಯಾಪಾರಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಈಗ ವ್ಯಾಪಾರಿಯನ್ನೇ ಬಿಟ್ಟು, ಮೊಬೈಲಿನ ಮೂಲಕ ಕುಡಿಯುವವನಿಗೇ ಮಾರುವ ಅನುಕೂಲ ಒದಗಿದೆ. ಐದಾರು ಎಕರೆ ತೋಟದವರ ಮನೆಗಳಲ್ಲೂ ಮಕ್ಕಳು ಸ್ವತಃ ಹುರಿದು, ಪುಡಿ ಮಾಡಿ, ದೂರದ ಊರುಗಳಿಗೆ ಕಳುಹಿಸುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಮೂಟೆಯಲ್ಲಿ ಚೆರಿ ಮಾರುವವನು ಕಾನೂನಿನ ಕಣ್ಣಿಗೆ ಬೆಳೆಗಾರ. ಪುಡಿ ಪ್ಯಾಕೆಟ್ ಮಾರುವವನು ಆಹಾರ ತಯಾರಕ, ಪ್ಯಾಕ್ ಮಾಡುವವ, ಚಿಲ್ಲರೆ ವ್ಯಾಪಾರಿ ಮೂರೂ ಹೌದು.

ಮೊದಲು ತೆರಿಗೆಯ ವಿಷಯ. "ರೈತನಿಗೆ ಜಿ.ಎಸ್.ಟಿ. ಇಲ್ಲ" ಎಂಬುದು ಅರ್ಧ ಸತ್ಯ. ತನ್ನ ಭೂಮಿಯ ಫಸಲನ್ನು ಮಾರುವ ಕೃಷಿಕನು ನೋಂದಣಿ ಮಾಡಿಸಬೇಕಾಗಿಲ್ಲವೆಂದು 2017ರ ಕಾಯಿದೆ ಹೇಳುತ್ತದೆ. ಹುರಿಯದ ಕಾಫಿ ಬೀಜಕ್ಕೆ ತೆರಿಗೆಯೂ ಇಲ್ಲ. ಹುರಿದೊಡನೆ ಅದು ಶೇ. 5 ತೆರಿಗೆಯ ಸರಕು; ಪುಡಿಯನ್ನು ಫಸಲೆಂದು ಸಾಧಿಸುವುದು ಕಷ್ಟ. ಕರ್ನಾಟಕದೊಳಗೆ ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಬೇಡ. ಆದರೆ ಒಂದೇ ಒಂದು ಪ್ಯಾಕೆಟ್ ಹೊರ ರಾಜ್ಯಕ್ಕೆ ಮಾರಾಟವಾದರೂ ಈ ರಿಯಾಯಿತಿ ತಪ್ಪುತ್ತದೆ. ಅಂತರರಾಜ್ಯ ಮಾರಾಟಕ್ಕೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಕುಟ್ಟದ ಬೆಳೆಗಾರನಿಗೆ ಕೇರಳ ಪಕ್ಕದ ಊರೇ ಇರಬಹುದು, ಕಾಯಿದೆಗೆ ಅದು ಬೇರೆ ರಾಜ್ಯ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರಿಗೆ ಹಿಂದೆ ರಾಜ್ಯದೊಳಗೂ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಅದನ್ನು ಸಡಿಲಿಸಲಾಗಿದೆ. ಮಿತಿಯೊಳಗಿನವರು ಪ್ಯಾನ್ ಆಧಾರದ ಮೇಲೆ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ರಾಜ್ಯದೊಳಗೆ ಮಾರಬಹುದು.

ಎರಡನೆಯದು 2006ರ ಆಹಾರ ಸುರಕ್ಷತಾ ಕಾಯಿದೆ. ತೋಟದ ಬೆಳೆ ಇದರ ಹೊರಗಿದೆ, ಪುಡಿ ಒಳಗಿದೆ. ಎಷ್ಟು ಸಣ್ಣ ವ್ಯಾಪಾರವಾದರೂ ನೋಂದಣಿ ಬೇಕು, ವಹಿವಾಟು ಬೆಳೆದರೆ ಲೈಸೆನ್ಸ್ ಬೇಕು. 2011ರಲ್ಲಿ ನಿಯಮಾವಳಿ ಬಂದಾಗ ಇವೆರಡರ ನಡುವಿನ ಗೆರೆ 12 ಲಕ್ಷ ರೂ. ಆಗಿತ್ತು, ಅರ್ಜಿ ಹಾಕುವ ದಿನದ ಮಿತಿಯನ್ನು ಪ್ರಾಧಿಕಾರದ ಫಾಸ್ಕಾಸ್ ತಾಣದಲ್ಲೇ ನೋಡಿಕೊಳ್ಳುವುದು ಕ್ಷೇಮ. ಅಲ್ಲಿ ದೊರೆಯುವ 14 ಅಂಕಿಗಳ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಇರಲೇಬೇಕು.

ಚಿಕೋರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಚಿಕೋರಿ ಬೆರೆಸುವುದು ತಪ್ಪಲ್ಲ, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದಿಲ್ಲದ ಕಾಫಿ ರುಚಿಸುವುದೂ ಇಲ್ಲ. ಆದರೆ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ ಶೇ. 51ಕ್ಕೆ ಕಡಿಮೆಯಾಗಬಾರದು. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಲೇಬಲ್ಲಿನಲ್ಲಿ ಶೇಕಡಾವಾರು ಮುದ್ರಿಸಬೇಕು. ಶೇ. 20 ಚಿಕೋರಿ ಬೆರೆಸಿ "ನಮ್ಮ ತೋಟದ ಶುದ್ಧ ಕಾಫಿ" ಎಂದು ಬರೆದರೆ ಅದು ತಪ್ಪು ಲೇಬಲ್. ಕಾಯಿದೆಯ 52ನೇ ಕಲಮಿನಂತೆ 3 ಲಕ್ಷ ರೂ.ವರೆಗೆ ದಂಡ ಬೀಳಬಹುದು. "ಸಾವಯವ" ಎಂಬ ಪದವನ್ನೂ ಅಂದಕ್ಕಾಗಿ ಅಚ್ಚು ಹಾಕಿಸಬಾರದು, ಅದಕ್ಕೆ 2017ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. "ಕೂರ್ಗ್ ಅರೇಬಿಕಾ", "ಚಿಕ್ಕಮಗಳೂರು ಅರೇಬಿಕಾ", "ಬಾಬಾಬುಡನ್‌ಗಿರಿ ಅರೇಬಿಕಾ" ಹೆಸರುಗಳು 2019ರಲ್ಲಿ ಭೌಗೋಳಿಕ ಸೂಚಿಯಾಗಿ ನೋಂದಣಿಯಾಗಿವೆ. ತೋಟ ಆ ಸೀಮೆಯಲ್ಲೇ ಇದ್ದರೂ ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಿಕೊಂಡು ಬಳಸುವುದು ಸರಿಯಾದ ಕ್ರಮ.

ಅಡಿಕೆಯವರಿಗೆ ಒಂದು ಮಾತು. ಸುಪಾರಿ ಪ್ಯಾಕೆಟ್ಟಿನ ಮೇಲೂ ಅದರ ಜಾಹೀರಾತಿನಲ್ಲೂ, ಜಗಿಯುವುದು ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆ ಇರಬೇಕು. ತಾನೇ ಬೆಳೆದದ್ದರ ಮೇಲೆ ಇದನ್ನು ಬರೆಯುವುದು ಯಾರಿಗೂ ಹಿತವಲ್ಲ. ಆದರೂ ಬರೆಯದೆ ಗತ್ಯಂತರವಿಲ್ಲ. ವಾಟ್ಸಾಪಿನಲ್ಲಿ ಹಂಚುವ ಚಿತ್ರವನ್ನೂ ಜಾಹೀರಾತೆಂದೇ ತಿಳಿಯುವುದು ಒಳ್ಳೆಯದು.

ತೂಕ ಮತ್ತು ಅಳತೆಯದು ಬೇರೆ ಇಲಾಖೆ. ತಕ್ಕಡಿಗೆ ಸರಕಾರದ ಮುದ್ರೆ ಹಾಕಿಸಿರಬೇಕು, ಪ್ಯಾಕ್ ಮಾಡತೊಡಗಿದ 90 ದಿನಗಳೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಎಂದು ನೋಂದಾಯಿಸಿಕೊಳ್ಳಬೇಕು. ಹೆಸರು, ವಿಳಾಸ, ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ಸಂಖ್ಯೆ ಇವಿಷ್ಟು ಹಳೆಯ ನಿಯಮ. 2021ರ ತಿದ್ದುಪಡಿಯಲ್ಲಿ ಬಿಡಿ ಬೆಲೆಯೂ ಸೇರಿತು: 250 ಗ್ರಾಂ ಪ್ಯಾಕೆಟ್ಟಿಗೆ 200 ರೂ. ಆದರೆ ಗ್ರಾಂ ಒಂದಕ್ಕೆ 80 ಪೈಸೆ ಎಂದು ನಮೂದಿಸಬೇಕು. ತಿಂಗಳೊಂದನ್ನು ಬಿಟ್ಟು ಈ ವಿವರಗಳು ಮಾರಾಟದ ತಾಣದಲ್ಲೂ ಕಾಣಿಸಬೇಕು. ಅನೇಕರು ಮರೆಯುವುದು ಇದನ್ನೇ.

ಇನ್ನು ಗ್ರಾಹಕರ ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸಕಲೇಶಪುರದಿಂದ ಹೋದ 400 ರೂ. ಪ್ಯಾಕೆಟ್ಟಿನ ವ್ಯಾಜ್ಯ ಜೈಪುರದಲ್ಲಿ ನಡೆಯಬಹುದು! ವಿಡಿಯೋ ಮೂಲಕ ಹಾಜರಾಗಲು ಕೋರುವ ಅವಕಾಶವಿದೆ ನಿಜ. ಆದರೆ ನೋಟೀಸು ಬಂದ 30 ದಿನಗಳಲ್ಲಿ ಉತ್ತರ ಸಲ್ಲಿಸಬೇಕು. ಆಯೋಗ ಇನ್ನು 15 ದಿನ ಹೆಚ್ಚಿಗೆ ಕೊಡಬಹುದೇ ಹೊರತು ಅದರ ಮೇಲೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ಲಕೋಟೆಯನ್ನು ಬೀರುವಿನಲ್ಲಿಟ್ಟು ಮರೆತರೆ ಏಕಪಕ್ಷೀಯ ಆದೇಶವಾದೀತು.

ದೂರು ಅಲ್ಲಿಯವರೆಗೆ ಬೆಳೆಯದಂತೆ 2020ರ ಇ-ಕಾಮರ್ಸ್ ನಿಯಮಗಳೇ ದಾರಿ ತೋರಿಸುತ್ತವೆ. ಮಾರಾಟಗಾರನು ದೂರು ನೋಡಿಕೊಳ್ಳುವ ಒಬ್ಬ ಅಧಿಕಾರಿಯನ್ನು ಹೆಸರಿಸಬೇಕು; ದೂರು ಮುಟ್ಟಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ತಿಂಗಳೊಳಗೆ ಪರಿಹಾರ. ನಮ್ಮ ಮನೆಗಳಲ್ಲಿ ಆ "ಅಧಿಕಾರಿ" ಮಗನೋ ಸೊಸೆಯೋ ಆಗಿರುತ್ತಾರೆ. ಕೊಯ್ಲು, ಪಲ್ಪಿಂಗ್‌ಗಳ ಗಡಿಬಿಡಿಯಲ್ಲಿ ಎರಡು ದಿನ ಫೋನು ನೋಡಲು ಬಿಡುವಾಗದವರು ಡಿಸೆಂಬರ್‌ನಲ್ಲಿ ಹೊಸ ಆರ್ಡರ್ ನಿಲ್ಲಿಸುವುದೇ ಮೇಲು. ನೆಂಟರಿಷ್ಟರಿಂದ ಗ್ರಾಹಕರ ಸೋಗಿನಲ್ಲಿ ಹೊಗಳಿಕೆ ಬರೆಸುವುದು ಬೇಡ, ಮಾರಾಟಗಾರನು ಗ್ರಾಹಕನ ವೇಷ ಹಾಕುವುದನ್ನು ಅದೇ ನಿಯಮಗಳು ನಿಷೇಧಿಸಿವೆ. ಹುರಿದ ದಿನ, ಬ್ಯಾಚ್ ಸಂಖ್ಯೆ, ಪ್ಯಾಕೆಟ್ ತಕ್ಕಡಿಯ ಮೇಲಿರುವಾಗ ತೆಗೆದ ಫೋಟೋ, ಅಂಚೆ ಅಥವಾ ಕೊರಿಯರ್ ರಸೀತಿ ಇವನ್ನು ಒಂದು ವಹಿಯಲ್ಲಿ ಕ್ರಮವಾಗಿ ಇಟ್ಟುಕೊಂಡಿದ್ದರೆ, ತೂಕ ಕಡಿಮೆ ಬಂತೆಂಬ ದೂರಿಗೆ ಆ ಸಂಜೆಯೇ ಉತ್ತರ ಬರೆಯಬಹುದು.